ರೆಸ್ಟಿನ ಬಲಗಾಲು

ಮಾರ್ಚ್ ೪, ಸೋಮವಾರ

ಬರೆಯುವ ಚಟ ನನಗಿಲ್ಲ. ಸೋಫಾ, ಕಾರಿನ ಸೀಟು, ಕುರ್ಚಿಯ ದಿಂಬು ಹೊಲಿಯುವವನಿಗೆ ಅಳತೆ ಗುರುತು ಹಾಕಿಕೊಳ್ಳುವಷ್ಟು ಅಕ್ಷರ ಬಂದರೆ ಸಾಕು. ಆದರೆ ಇವಳಿಗೆ ಮಾತು ಕಲಿಸಲು ಬರುವ ಥೆರಪಿ ಮೇಡಂ ಇವತ್ತು ಹೊರಡುವಾಗ ಬಾಗಿಲಲ್ಲಿ ನಿಂತು, "ನೀವೂ ಏನಾದ್ರೂ ಬರೆದಿಡಿ. ನೋಡ್ಕೊಳ್ಳೋರು ಎಲ್ಲಾ ಒಳಗೇ ಇಟ್ಕೊಂಡು ಒಂದಿನ ಅವರೇ ಮಲಗಿಬಿಡ್ತಾರೆ," ಎಂದರು. ನಾನು ಮಲಗುವ ಪೈಕಿ ಅಲ್ಲ. ಆದರೂ ದೊಡ್ಡವರ ಮಾತು ಮೀರಬಾರದೆಂದು ಪುಸ್ತಕ ತಂದೆ. ಆಕೆಗೆ ಇಪ್ಪತ್ತಾರು ವರ್ಷ.

ಇವಳು ಅಂದರೆ ನನ್ನ ಹೆಂಡತಿ. ಇಪ್ಪತ್ತೆರಡು ವರ್ಷ ರೈಫಲ್ ರೇಂಜಿನಲ್ಲಿ ಗುರಿ ಹೊಡೆಯುವುದನ್ನು ಕಲಿಸಿದವಳು. ನವೆಂಬರಿನಲ್ಲಿ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು, ಮಾತು, ಮೂರಕ್ಕೂ ಒಂದೇ ಏಟು. ಕೋಲು ಹಿಡಿದು ನಡೆಯುವಷ್ಟು ಕಾಲು ವಾಪಸ್ಸು ಬಂದಿದೆ. ಕೈ ಬಂದಿಲ್ಲ. ಮಾತು ಒಂದೊಂದೇ ಪದವಾಗಿ ಬರುತ್ತದೆ, ಅದೂ ಕಾದು ಕೂತರೆ. ಇನ್ನೊಂದು ತೊಂದರೆ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಬಲಗಡೆಯಲ್ಲಿ ಇರುವುದು ಇವಳಿಗೆ ಕಾಣುವುದಿಲ್ಲ. ಕಣ್ಣು ಸರಿಯಾಗಿಯೇ ಇದೆಯಂತೆ, ತಲೆಗೆ ಆ ಕಡೆಯ ಸುದ್ದಿ ಮುಟ್ಟುವುದಿಲ್ಲವಂತೆ. ತಟ್ಟೆಯಲ್ಲಿ ಎಡಗಡೆಯದಷ್ಟೇ ತಿಂದು ಕೈ ತೊಳೆಯುತ್ತಾಳೆ. ನಾನು ತಟ್ಟೆ ತಿರುಗಿಸಿ ಇಡುತ್ತೇನೆ.

ಮಧ್ಯಾಹ್ನ ರೇಂಜಿನ ಸೆಕ್ರೆಟರಿ ಫೋನ್ ಮಾಡಿದ. ಒಂದು ಕಾಲದಲ್ಲಿ ಇವಳ ಶಿಷ್ಯ. ಕಲಿಸುವವರು ವರ್ಷಕ್ಕೊಮ್ಮೆ ಹತ್ತು ಗುಂಡು ಹೊಡೆದು ತೋರಿಸಬೇಕು, ನೂರಕ್ಕೆ ಎಂಬತ್ತು ಬರಬೇಕು, ಬರದಿದ್ದರೆ ಹುದ್ದೆ ಹೋಯಿತು. ಈ ಸಲದ ಪರೀಕ್ಷೆ ಮೇ ಹದಿನೆಂಟಕ್ಕೆ. ಮೈ ಸರಿಯಿಲ್ಲದವರು ಮೇಜಿನ ಮೇಲೆ ರೈಫಲ್ ಊರಿ, ಕೂತು ಹೊಡೆಯಬಹುದು. "ಮೇಡಂ ಜಾಗ ಅಲ್ಲೀವರೆಗೂ ಹಾಗೇ ಇಟ್ಟಿರ್ತೀವಿ ಸರ್. ಆಮೇಲೆ ನನ್ನ ಕೈಲಿಲ್ಲ," ಎಂದ. "ಅವಳಿಂದ ಆಗಲ್ಲಪ್ಪ, ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ," ಎನ್ನುವಷ್ಟರಲ್ಲಿ ಇವಳು ಕೋಲಿನಿಂದ ನನ್ನ ಕುರ್ಚಿಗೆ ಬಡಿದಳು. ಫೋನು ಕೊಟ್ಟೆ. "ಬ..." ಎಂದು ಶುರು ಮಾಡಿದಳು. ಆ ಕಡೆ ಅವನು ಎಷ್ಟು ಹೊತ್ತು ಕಾಯಬೇಕು ಪಾಪ. ನಾನೇ ಬಗ್ಗಿ, "ಬರ್ತಾಳಂತೆ," ಎಂದೆ. ಇವಳು ನನ್ನನ್ನು ಒಂದು ಥರ ನೋಡಿದಳು. ಯಾಕೋ ಗೊತ್ತಾಗಲಿಲ್ಲ, ಕೆಲಸವಂತೂ ಬೇಗ ಮುಗಿಯಿತು.

ಮಾರ್ಚ್ ೯, ಶನಿವಾರ

ರೇಂಜಿಗೆ ಹೋಗಿ ಬಂದೆವು. ಮದುವೆಯಾಗಿ ಹತ್ತೊಂಬತ್ತು ವರ್ಷವಾದರೂ ನಾನು ಗೇಟಿನಿಂದ ಒಳಗೆ ಕಾಲಿಟ್ಟಿದ್ದು ಇದೇ ಮೊದಲು. ಬಂದೂಕಿನ ಸದ್ದು ನನಗಾಗುವುದಿಲ್ಲ.

ಉದ್ದನೆಯ ಶೆಡ್ಡು, ಒಂದು ಕಡೆ ಗೋಡೆಯಿಲ್ಲ. ಅಲ್ಲಿಂದ ಐವತ್ತು ಮೀಟರ್ ಹುಲ್ಲು, ಕೊನೆಯಲ್ಲಿ ಮಣ್ಣಿನ ದಿಬ್ಬ, ದಿಬ್ಬದ ಮುಂದೆ ಕಾಗದದ ಟಾರ್ಗೆಟ್ಟು. ಟಾರ್ಗೆಟ್ಟು ಅಂಟಿಸುವ ಮುದುಕನಿಗೆ ಎಲ್ಲರೂ ಗೋಂದಣ್ಣ ಅನ್ನುತ್ತಾರೆ. ಕೈ ಕುಲುಕಿದರೆ ಬಿಡಿಸಿಕೊಳ್ಳುವುದು ಕಷ್ಟ. ಅವನು ಇವಳನ್ನು ನೋಡಿ ಏನೂ ಹೇಳಲಿಲ್ಲ, ಕುರ್ಚಿ ತಂದು ಹಾಕಿದ. ಒಳ್ಳೆಯ ಮನುಷ್ಯ.

ಮೇಜಿನ ಮೇಲೆ ಮೂರು ಕಾಲಿನ ಒಂದು ಕಬ್ಬಿಣದ ಸ್ಟ್ಯಾಂಡು ಇಡುತ್ತಾರೆ, ಅದಕ್ಕೆ ರೆಸ್ಟು ಎಂದು ಹೆಸರು. ಮುಂದೆ ಎರಡು ಕಾಲು, ಹಿಂದೆ ಒಂದು. ತಲೆಯ ಮೇಲೆ ಸಣ್ಣ ಚೀಲ, ರೈಫಲಿನ ಮುಂಭಾಗ ಅದರ ಮೇಲೆ ಕೂರುತ್ತದೆ. ಹಿಂಭಾಗಕ್ಕೆ ಇನ್ನೊಂದು ಚೀಲ. ರೆಸ್ಟು ಒಂದು ಕೂದಲೆಳೆ ಅಲುಗಿದರೂ ಆ ಕೊನೆಯಲ್ಲಿ ಗುಂಡು ಒಂದು ಬೆರಳಗಲ ಪಕ್ಕಕ್ಕೆ ಹೋಗುತ್ತದೆ. ಗೋಡೆಯ ಮೇಲೆ ನಿಯಮದ ಬೋರ್ಡಿದೆ. ಪರೀಕ್ಷೆಯ ಸೀಟಿ ಊದಿದ ಮೇಲೆ ಹೊಡೆಯುವವರ ಕೈ ಬಿಟ್ಟರೆ ಬೇರೆ ಯಾರ ಕೈಯೂ ರೈಫಲ್, ರೆಸ್ಟು, ಮೇಜು ಯಾವುದನ್ನೂ ಮುಟ್ಟಕೂಡದು. ಜೊತೆಗೆ ಬಂದವರು ಹಳದಿ ಗೆರೆಯ ಹಿಂದೆ ನಿಲ್ಲಬೇಕು.

ಇವಳು ಈಗ ಎಡಭುಜಕ್ಕೆ ಒತ್ತಿಕೊಂಡು ಎಡಗಣ್ಣಿನಿಂದ ನೋಡಬೇಕು. ಪ್ರತಿ ಗುಂಡು ತುಂಬಲು ಎಳೆಯುವ ಹಿಡಿ, ಬೋಲ್ಟು, ಇರುವುದು ರೈಫಲಿನ ಬಲಗಡೆ. ಅದನ್ನು ಎಳೆಯಲು ಎಡಗೈಯನ್ನು ಮೇಲಿಂದ ಆ ಕಡೆ ಚಾಚಬೇಕು. ಹತ್ತು ಗುಂಡಿಗೆ ನಲವತ್ತೊಂದು ಬಂತು. ಎರಡು ಕಾಗದಕ್ಕೇ ತಾಗಲಿಲ್ಲ.

ವ್ಯಾನಿನಲ್ಲಿ ಬರುವಾಗ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ನಾನು ದಾರಿಯುದ್ದಕ್ಕೂ ಮಾತಾಡಿದೆ. ಏನು ಮಾತಾಡಿದೆನೋ ನೆನಪಿಲ್ಲ.

ಮಾರ್ಚ್ ೧೩, ಬುಧವಾರ

ಚೀಲಗಳು ಹಳೆಯವು, ಹೊಲಿಗೆ ಬಿಟ್ಟಿವೆ. ಹೊಲಿಗೆಯ ಕೆಲಸವಾದರೆ ನಾನಿದ್ದೇನಲ್ಲ. ಅಂಗಡಿಯಲ್ಲಿ ಉಳಿದಿದ್ದ ಒಳ್ಳೆಯ ಚರ್ಮದಲ್ಲಿ ಎರಡು ಹೊಲಿದೆ. ಒಳಗೆ ಮೊದಲ ದರ್ಜೆಯ ಸ್ಪಂಜು. ಅಂಚಿಗೆ ಜೋಡಿ ಹೊಲಿಗೆ. ಇಂಥ ದಿಂಬು ಸಿಕ್ಕರೆ ಮಂತ್ರಿಗಳೂ ಎದ್ದು ಹೋಗುವುದಿಲ್ಲ.

ಇವಳು ಎಡಗೈಯ ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಬೆರಳು ಒಳಕ್ಕೆ ಹೋಯಿತು, ಬಿಟ್ಟಾಗ ಚೀಲ ಉಬ್ಬಿತು. ಮತ್ತೆ ಒತ್ತಿದಳು. ಆಮೇಲೆ ನಗಲು ಶುರು ಮಾಡಿದಳು. ನವೆಂಬರಿನಿಂದ ಈಚೆ ಕೇಳಿರದ ನಗು, ಬಾಯಿಯ ಒಂದು ಕಡೆಯಿಂದ ಮಾತ್ರ ಬರುತ್ತಿತ್ತು. "ಮ... ಮರಳು," ಎಂದಳು.

ಜೀವಮಾನವಿಡೀ ಕೂತವರಿಗೆ ಮೆತ್ತಗಿರಲಿ ಎಂದು ಹೊಲಿದವನಿಗೆ ಮೆತ್ತಗಿರುವುದೇ ತಪ್ಪು ಎಂದು ಹೇಗೆ ಹೊಳೆಯಬೇಕು? ಸ್ಪಂಜಿನ ಮೇಲೆ ರೈಫಲ್ ಇಟ್ಟರೆ ಉಸಿರು ಬಿಟ್ಟಾಗಲೆಲ್ಲ ತೂಗುತ್ತದೆಯಂತೆ. ಮರಳು ಜರಡಿ ಹಿಡಿದು, ಒಣಗಿಸಿ, ಕಲ್ಲಿನಂತಾಗುವವರೆಗೆ ಕುಟ್ಟಿ ಕುಟ್ಟಿ ತುಂಬಿದೆ. ಆ ನಗುವಿಗಾಗಿ ಇನ್ನೂ ಹತ್ತು ಸಲ ಸ್ಪಂಜು ತುಂಬಲು ನಾನು ತಯಾರಿದ್ದೆ.

ಮಾರ್ಚ್ ೧೭, ಭಾನುವಾರ

ಐವತ್ತೆಂಟು.

ಚೀಲ ಚೆನ್ನಾಗಿದೆ. ತೊಂದರೆ ಬೇರೆಯದು. ಬಲಗೈಯನ್ನು ಮಡಿಲಲ್ಲಿಟ್ಟರೆ ಇವಳ ಭುಜ ಜಾರುತ್ತದೆ, ಅದಕ್ಕೆ ಮೇಜಿನ ಮೇಲೆ ಇಡುತ್ತಾಳೆ. ಗುರಿ ಹಿಡಿದು ಉಸಿರು ಕಟ್ಟಿದ ಕೂಡಲೇ ಆ ಕೈ ನಡುಗಲು ಶುರುವಾಗುತ್ತದೆ. ಅವಳಿಗೆ ಗೊತ್ತೇ ಆಗುವುದಿಲ್ಲ. ಮೊಣಕೈ ಹೋಗಿ ರೆಸ್ಟಿನ ಬಲಗಾಲಿಗೆ ತಾಗುತ್ತದೆ, ರೆಸ್ಟು ಕಟಕಟ ಅನ್ನುತ್ತದೆ. ಸೋಫಾದ ಕಾಲಿಗೆ ಹಾಕುವ ರಬ್ಬರ್ ಬಿಲ್ಲೆ ಹಾಕಿದೆ, ಇನ್ನಷ್ಟು ಕುಣಿಯಿತು. ಕೈಯನ್ನು ಕುರ್ಚಿಗೆ ಒಂದು ಪಟ್ಟಿಯಿಂದ ಕಟ್ಟುತ್ತೇನೆ ಎಂದೆ. ಎಡಗೈಯಿಂದ ಪಟ್ಟಿ ಕಿತ್ತು ನೆಲಕ್ಕೆ ಎಸೆದಳು. ನಾನು ಎತ್ತಿಕೊಂಡು ಜೇಬಿಗೆ ಹಾಕಿಕೊಂಡೆ. ಗೋಂದಣ್ಣ ದಿಬ್ಬದ ಕಡೆ ನೋಡುತ್ತಾ ನಿಂತಿದ್ದ.

ಮಾರ್ಚ್ ೨೩, ಶನಿವಾರ

ಎಂಬತ್ತಾರು.

ಆಗಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಗುಂಡು ಕೊಡಲು ನಾನು ಅವಳ ಬಲಗಡೆ ನಿಂತಿದ್ದೆ. ಮೂರನೆಯ ಗುಂಡಿಗೆ ರೆಸ್ಟಿನ ಕಾಲು ಕಟಕಟ ಅಂದಾಗ, ತಪ್ಪು ಆ ಕಾಲಿನದೇ ಹೌದೋ ಅಲ್ಲವೋ ನೋಡೋಣ ಎಂದು ಎರಡು ಬೆರಳು ಅದರ ಮೇಲೆ ಒತ್ತಿ ಹಿಡಿದೆ. ಪರೀಕ್ಷಿಸಲು, ಅಷ್ಟೇ. ಗುಂಡು ಹೋಯಿತು. ಗೋಂದಣ್ಣ ದುರ್ಬೀನಿನಲ್ಲಿ ನೋಡಿ, "ಹತ್ತು," ಎಂದ.

ಇವಳು ರೈಫಲಿನಿಂದ ಕೆನ್ನೆ ತೆಗೆದಳು. ಬಲಗಡೆ ತಿರುಗಲಿಲ್ಲ, ತಿರುಗುವುದಿಲ್ಲ. ತನ್ನ ಕೈಯನ್ನೇ ನೋಡಿಕೊಂಡಳು. ಮುಂದಿನ ಗುಂಡಿಗೂ ಹಿಡಿದೆ. ಅದರ ಮುಂದಿನದಕ್ಕೂ.

ಕೊನೆಗೆ ಹೇಳಿಬಿಡಬೇಕು ಎಂದಿದ್ದೆ. ಅವಳು ಅಂಕ ಬರೆದ ಕಾರ್ಡನ್ನು ಎದೆಗೆ ಒತ್ತಿಕೊಂಡು, "ಕೈ... ಕೈ..." ಎಂದಳು. ಮುಂದಿನ ಪದ ಸಿಗಲಿಲ್ಲ. "ಸುಧಾರಿಸ್ತಿದೆ, ಹೌದು, ಸುಧಾರಿಸ್ತಿದೆ," ಎಂದೆ ನಾನೇ.

ಮಾರ್ಚ್ ೩೦, ಶನಿವಾರ

ತೊಂಬತ್ತೊಂದು. ಮನೆಯ ಹವೆಯೇ ಬದಲಾಗಿದೆ. ಬೆಳಿಗ್ಗೆ ಅವಳೇ ಬ್ಲೌಸಿನ ಗುಂಡಿ ಹಾಕಿಕೊಳ್ಳಲು ಹೋಗುತ್ತಾಳೆ, ಅರ್ಧ ಗಂಟೆ ಹಿಡಿಯುತ್ತದೆ. ನಾನು ಬೇಗಬೇಗ ಹಾಕಿ ಮುಗಿಸುತ್ತೇನೆ. ಥೆರಪಿ ಮೇಡಂ ಬಂದಾಗ ಕಾರ್ಡು ತೋರಿಸಿದಳು. ಮೇಡಂ ಕಣ್ಣು ಒದ್ದೆ ಮಾಡಿಕೊಂಡರು. ನಾನು ಚಹಾ ಮಾಡಲು ಒಳಗೆ ಹೋದೆ.

ಇದರಲ್ಲಿ ಯಾರಿಗೆ ನಷ್ಟ? ಮನಸ್ಸು ಗಟ್ಟಿಯಾದರೆ ಕೈಯೂ ಹಿಂದೆಯೇ ಗಟ್ಟಿಯಾಗುತ್ತದೆ ಎಂದು ಡಾಕ್ಟರೇ ಹೇಳಿದ್ದಾರೆ. ಕೈ ನೆಟ್ಟಗಾದ ದಿನ ನಾನು ಬೆರಳು ತೆಗೆದರೆ ಆಯಿತು.

ಏಪ್ರಿಲ್ ೬, ಶನಿವಾರ

ಎಂಬತ್ತೊಂಬತ್ತು. ಇವಳು ಕೋಲು ಊರಿಕೊಂಡು ಕಚೇರಿಯಲ್ಲಿ ಸಹಿ ಹಾಕಲು ಹೋಗಿದ್ದಾಗ ಗೋಂದಣ್ಣ ಹತ್ತಿರ ಬಂದ. ಬೆರಳಿಗೆ ಅಂಟಿದ್ದ ಗೋಂದಿನ ಸಿಪ್ಪೆ ಬಿಡಿಸುತ್ತಾ ನಿಂತ.

"ಯಜಮಾನ್ರೇ, ದುರ್ಬೀನು ಆ ಕಡೆಗೆ ಮಾತ್ರ ತಿರುಗಿರುತ್ತೆ ಅಂದ್ಕೋಬೇಡಿ."

ನಾನು ಚೀಲದ ಹೊಲಿಗೆ ನೋಡತೊಡಗಿದೆ.

"ಮೇ ಹದಿನೆಂಟನೇ ತಾರೀಕು ಯಾರು ಹಿಡ್ಕೋತಾರೆ?"

"ಅಷ್ಟರಲ್ಲಿ ಸರಿಹೋಗುತ್ತೆ."

"ಹೋದ್ರೆ ಒಳ್ಳೇದು. ಮೇಡಂ ಹತ್ರ ನಾನೂ ಕಲ್ತೋನೇ. ತಪ್ಪಿದ್ರೆ ಬೈತಿದ್ರು, ಸುಳ್ಳು ಹೇಳಿದ್ರೆ ಮಾತಾಡಿಸ್ತಿರಲಿಲ್ಲ."

ತನ್ನ ಪಾಡಿಗೆ ಟಾರ್ಗೆಟ್ಟು ಅಂಟಿಸಿಕೊಂಡು ಇರಬಾರದೇ ಈ ಮನುಷ್ಯ? ಗಂಡ ಹೆಂಡಿರ ನಡುವೆ ಮೂಗು ತೂರಿಸುವವರನ್ನು ಕಂಡರೆ ನನಗೆ ಮೈಯೆಲ್ಲಾ ಉರಿಯುತ್ತದೆ. ಅವನ ಮಾತು ಸಂಜೆಯವರೆಗೂ ಬಿಡಲಿಲ್ಲ. ಸೂಜಿ ಎರಡು ಸಲ ಬೆರಳಿಗೆ ಚುಚ್ಚಿಕೊಂಡೆ.

ಏಪ್ರಿಲ್ ೧೦, ಬುಧವಾರ

ಇವತ್ತು ಹೇಳಲಿಲ್ಲ.

ಏಪ್ರಿಲ್ ೧೧, ಗುರುವಾರ

ಇವತ್ತೂ ಇಲ್ಲ. ಮೂರು ಜನರು ಕೂರುವ ಸೋಫಾ ಒಂದಕ್ಕೆ ಬಟ್ಟೆ ಹೊಂದಿಸಿದೆ. ಕಂದು ಬಣ್ಣ.

ಏಪ್ರಿಲ್ ೧೪, ಭಾನುವಾರ

ಹೇಳದೆಯೇ ಇದರಿಂದ ಬಿಡಿಸಿಕೊಳ್ಳುವ ದಾರಿಯೊಂದು ಹೊಳೆದಿತ್ತು. ಸೈಕಲ್ ಕಲಿಯುವವರ ಹಿಂದೆ ಓಡುತ್ತಾ ಸೀಟು ಬಿಡುತ್ತೇವಲ್ಲ, ಹಾಗೆ. ಮೊದಲ ಮೂರು ಗುಂಡಿಗೆ ಎರಡು ಬೆರಳು, ಆಮೇಲೆ ಒಂದು, ಆಮೇಲೆ ಬರೀ ತಾಗಿಸಿದ ಹಾಗೆ, ಕೊನೆಯ ನಾಲ್ಕಕ್ಕೆ ಕೈ ತೆಗೆದೆ. ಮೂರು ಹತ್ತು, ಒಂದು ಎಂಟು, ಒಂದು ಏಳು, ಒಂದು ಆರು. ಕೊನೆಯ ನಾಲ್ಕು ಎಲ್ಲೆಲ್ಲೋ ಹೋದವು.

ಇವಳು ರೈಫಲ್ ಮೇಲಿಂದ ತಲೆ ಎತ್ತಿದಳು. ಬಲಗೈಯನ್ನು ಹುಡುಕಿಕೊಂಡಳು. ಅದು ಮೇಜಿನ ಮೇಲೆ ನಡುಗುತ್ತಿತ್ತು. ಎಡಗೈ ಎತ್ತಿ ಅದರ ಮೇಲೆ ಹೊಡೆದಳು. ಮತ್ತೊಮ್ಮೆ ಹೊಡೆದಳು, ಇನ್ನೂ ಜೋರಾಗಿ. ಮೂರನೆಯ ಸಲಕ್ಕೆ ನಾನು ಹಿಡಿದುಕೊಂಡೆ.

ಆ ಕೈಯ ಮೇಲೆ ಈಗ ಕೆಂಪಗೆ ಬಾವು ಬಂದಿದೆ. ಹಾಗೆ ಮಾಡಿಸಿದವನು ನಾನು.

ಏಪ್ರಿಲ್ ೧೫, ಸೋಮವಾರ

ಹೇಳಿದೆ. ಅಂಗಡಿಗೆ ಹೋಗಲಿಲ್ಲ. ಅಡುಗೆಮನೆಯ ಸ್ಟೂಲಿನ ಮೇಲೆ ಅವಳ ಎದುರಿಗೆ ಕೂತು, "ನಿನ್ನ ಕೈದೇನೂ ತಪ್ಪಿಲ್ಲ. ರೆಸ್ಟಿನ ಕಾಲು ನಾನು ಹಿಡ್ಕೊಂಡಿರ್ತಿದ್ದೆ. ನಿನ್ನೆ ಬಿಟ್ಟೆ, ಅದಕ್ಕೇ ಹಾಗಾಯ್ತು," ಎಂದೆ. ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಅವಳು ಬಹಳ ಹೊತ್ತು ಟ್ಯಾಪಿನ ಕಡೆ ನೋಡುತ್ತಿದ್ದಳು. ಆಮೇಲೆ, "ಎಷ್ಟು?" ಎಂದಳು.

"ಮಾರ್ಚ್ ಇಪ್ಪತ್ಮೂರರಿಂದ. ಎಲ್ಲಾನೂ."

ಬಾಯಿ ಒಂದು ಪದವನ್ನು ಹುಡುಕುತ್ತಿತ್ತು. ಯಾವ ಪದ ಎಂದು ನನಗೆ ಗೊತ್ತಿರಲಿಲ್ಲ, ಇದೊಂದು ಸಲ ನನಗೂ ಬಾಯಿ ಬರಲಿಲ್ಲ.

"ಬ... ಬಲಗಡೆ... ನಿಂತು?"

ಹೌದು ಎಂದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳಿಗೆ ಕಾಣದ ಕಡೆ ನಿಂತು ಮಾಡಿದೆ ಎನ್ನುವುದನ್ನು ನಾನು ಇಲ್ಲಿಯವರೆಗೆ ನನಗೂ ಹೇಳಿಕೊಂಡಿರಲಿಲ್ಲ. ನಾಚಿಕೆಯಾಯಿತು. ಈಗಲೂ ಆಗುತ್ತಿದೆ.

ಅವಳು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲು ಹಾಕಿಕೊಳ್ಳಲೂ ಅವಳಿಗೆ ಹೊತ್ತು ಹಿಡಿಯಿತು. ಕೋಲು ಬಿತ್ತು, ಎತ್ತಿಕೊಂಡಳು. ನಾನು ಸ್ಟೂಲಿನ ಮೇಲೆಯೇ ಇದ್ದೆ.

ಏಪ್ರಿಲ್ ೧೮, ಗುರುವಾರ

ಮಾತಿಲ್ಲ. ಮೊದಲೂ ಇರಲಿಲ್ಲ ಎನ್ನಬಹುದು, ಆದರೆ ಅದು ಬೇರೆ, ಇದು ಬೇರೆ.

ಏಪ್ರಿಲ್ ೨೦, ಶನಿವಾರ

ರೇಂಜಿಗೆ ಬರುವುದೇ ಇಲ್ಲವೇನೋ ಎಂದುಕೊಂಡಿದ್ದೆ. ಎಂಟು ಗಂಟೆಗೆ ಜಾಕೆಟ್ಟು ಹೆಗಲಿಗೆ ಹಾಕಿಕೊಂಡು ವ್ಯಾನಿನ ಹತ್ತಿರ ನಿಂತಿದ್ದಳು. ಗುಂಡಿ ಹಾಕಿರಲಿಲ್ಲ. ನಾನೂ ಹಾಕಲು ಹೋಗಲಿಲ್ಲ, ಹೆದರಿಕೆ.

ಶೆಡ್ಡಿನಲ್ಲಿ ಕೂತ ಮೇಲೆ ಕೋಲು ಎತ್ತಿ ಹಳದಿ ಗೆರೆ ತೋರಿಸಿದಳು. "ಅಲ್ಲಿ."

ಅಲ್ಲಿಗೆ ಹೋದೆ. ನಲವತ್ತೇಳು ಬಂತು. ಅಲ್ಲಿಂದ ನೋಡಿದರೆ ಎಲ್ಲವೂ ಕಾಣುತ್ತದೆ. ರೆಸ್ಟು ಅಲುಗಿದ್ದು, ಅವಳು ಅದನ್ನು ಸರಿಮಾಡಿದ್ದು, ಸರಿಮಾಡಲು ಹೋಗಿ ಹಿಂದಿನ ಚೀಲ ಜಾರಿದ್ದು. ಕೈ ಎರಡನ್ನೂ ಜೇಬಿನಲ್ಲಿ ತುರುಕಿಕೊಂಡು ನಿಂತಿದ್ದೆ. ನಿಂತೂ ನಿಂತೂ ನನ್ನ ಬೆನ್ನು ಹಿಡಿದುಕೊಂಡಿತು.

ಏಪ್ರಿಲ್ ೨೮, ಭಾನುವಾರ

ಇವತ್ತಿನದು ಸ್ವಲ್ಪ ಉದ್ದ.

ಅವಳು ಬಲಗೈಗೆ ಜಾಗ ಹುಡುಕಿದ್ದಾಳೆ. ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತುಬಿಡುತ್ತಾಳೆ. ಕೈ ನಡುಗಿದರೆ ನಡುಗಲಿ, ಕುರ್ಚಿ ನಡುಗುತ್ತದೆ, ಮೇಜಿಗೂ ಕುರ್ಚಿಗೂ ಸಂಬಂಧವಿಲ್ಲ. ಭುಜ ಜಾರದ ಹಾಗೆ ಎದೆಯನ್ನು ಮೇಜಿನ ಅಂಚಿಗೆ ಒರಗಿಸುತ್ತಾಳೆ. ಇಷ್ಟು ಸುಲಭದ್ದು ನನಗೆ ಯಾಕೆ ಹೊಳೆದಿರಲಿಲ್ಲ? ಬೆರಳಿಟ್ಟು ಹಿಡಿದುಕೊಂಡ ಮೇಲೆ ನಾನು ಯೋಚಿಸುವುದನ್ನೇ ಬಿಟ್ಟಿದ್ದೆ, ಅದಕ್ಕೇ ಇರಬೇಕು.

ಆದರೂ ಬೋಲ್ಟು ಎಳೆದಾಗ ರೆಸ್ಟು ಸರಿಯುತ್ತದೆ. ಊಟವಾದ ಮೇಲೆ ಅಂಗಡಿಗೆ ಬಂದು ನನ್ನ ಕೆಲಸದ ಮೇಜಿನ ಪಕ್ಕ ಕೂತಳು. ಹದಿಮೂರು ದಿನದ ಮೇಲೆ ಅವಳಾಗಿ ನನ್ನ ಹತ್ತಿರ ಬಂದಿದ್ದು.

"ಚೀಲ," ಎಂದಳು. ನಾನು ಕತ್ತರಿ ಕೆಳಗಿಟ್ಟೆ.

"ಮೂರು."

ಸ್ವಲ್ಪ ಹೊತ್ತಾಯಿತು. ಎದ್ದು ಚಹಾ ಮಾಡಿಕೊಂಡು ಬಂದೆ. ಅವಳದನ್ನು ಎಡಗಡೆಗೆ ಇಟ್ಟು ಕೂತೆ.

"ಕಾಲಿಗೆ. ರೆ... ರೆಸ್ಟಿನ ಕಾಲಿಗೆ. ಮೇಲೆ."

ಹೊರಗೆ ಯಾರೋ ಬಂದು ಸ್ಕೂಟರ್ ಸೀಟು ಕೇಳಿದರು. ನಾಳೆ ಬನ್ನಿ ಎಂದೆ.

"ಕತ್ತೆ... ಕತ್ತೆ ಮೇಲೆ... ಹಾಕ್ತಾರಲ್ಲ... ಹಾಗೆ."

ಎರಡು ಕಡೆ ಇಳಿಬಿಡುವ ಜೋಡಿ ಚೀಲ, ರೆಸ್ಟಿನ ಒಂದೊಂದು ಕಾಲಿಗೂ ಒಂದೊಂದು, ಒಳಗೆ ಮರಳು. ಬೋರ್ಡಿನಲ್ಲಿ ಹಾಗೆಯೇ ಇದೆ, ನಾನು ಆಮೇಲೆ ಹೋಗಿ ಓದಿದೆ. ರೆಸ್ಟಿಗೆ ಭಾರ ಹೇರಬಹುದು, ಮೇಜಿಗೆ ಬಿಗಿಯಕೂಡದು. ಪೂರ್ತಿ ಹೇಳಿ ಮುಗಿಸಲು ಚಹಾ ತಣ್ಣಗಾಗುವಷ್ಟು ಹೊತ್ತು ಹಿಡಿಯಿತು. ಅಳತೆಯನ್ನೂ ಅವಳೇ ಕೊಟ್ಟಳು, ಗೇಣು ಹಾಕಿ. ನಾನು ಒಂದಿಂಚು ಜಾಸ್ತಿ ಇಟ್ಟುಕೊಳ್ಳೋಣವೇ ಎಂದೆ. ಬೇಡ ಎಂದು ತಲೆಯಾಡಿಸಿದಳು. ಅವಳು ಹೇಳಿದಷ್ಟೇ ಇಟ್ಟೆ.

ಮೇ ೪, ಶನಿವಾರ

ಅರವತ್ತಾರು. ಜೋಡಿ ಚೀಲ ಸರಿಯಾಗಿ ಕೂರುತ್ತದೆ. ಆ ಒಂದಿಂಚು ಜಾಸ್ತಿ ಇಟ್ಟಿದ್ದರೆ ಮೇಜಿಗೆ ತಾಗುತ್ತಿತ್ತು. ನನ್ನ ಅಳತೆಯನ್ನು ಇನ್ನೊಬ್ಬರು ತಿದ್ದಿದ್ದು ಮೂವತ್ತು ವರ್ಷದಲ್ಲಿ ಇದೇ ಮೊದಲು.

ಗೋಂದಣ್ಣ ನನಗೂ ದುರ್ಬೀನು ಕೊಟ್ಟ. ಟಾರ್ಗೆಟ್ಟು ನೋಡು ಎಂದು ಕೊಟ್ಟರೆ ನಾನು ಅವಳ ಕಡೆ ತಿರುಗಿಸಿದೆ. ಗುರಿ ಹಿಡಿಯುವಾಗ ಅವಳ ಮುಖದಲ್ಲಿ ಒಂದು ಗೆರೆಯೂ ಇರುವುದಿಲ್ಲ. ಮನೆಯಲ್ಲಿ ಆ ಮುಖ ನಾನು ನೋಡಿಲ್ಲ. ಇಪ್ಪತ್ತೆರಡು ವರ್ಷ ಪ್ರತಿದಿನ ಈ ಮುಖ ಇಲ್ಲಿ ಇತ್ತು, ಸದ್ದಾಗುತ್ತದೆ ಎಂದು ನಾನು ಗೇಟಿನ ಹೊರಗೆ ಇದ್ದೆ.

ಮೇ ೧೧, ಶನಿವಾರ

ಎಪ್ಪತ್ನಾಲ್ಕು. ಥೆರಪಿ ಮೇಡಂ ಬಂದಿದ್ದರು. ಮೊದಲಿನ ಕಾರ್ಡು ತೊಂಬತ್ತೊಂದು, ಈಗ ಎಪ್ಪತ್ನಾಲ್ಕಾ ಎಂದು ಪಾಪ ಗಾಬರಿಯಾದರು. ಇವಳು ನನ್ನ ಕಡೆ ಕೈ ತೋರಿಸಿ, "ಇವರು... ಕಳ್ಳ," ಎಂದಳು. ಮೇಡಂಗೆ ಅರ್ಥವಾಗಲಿಲ್ಲ. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಹೇಳುತ್ತಾ ಕಿವಿ ಬಿಸಿಯಾಯಿತು, ಹೇಳಿದ ಮೇಲೆ ಹಗುರವಾಯಿತು.

ಇನ್ನು ಏಳು ದಿನ. ಆರು ಅಂಕ ಬೇಕು. ಆ ಜಾಗ ಅವಳಿಗೆ ಸಿಗಬೇಕು ಎಂದು ಇಷ್ಟೊಂದು ಆಸೆ ನನಗಿದೆ ಎಂದು ನನಗೇ ಗೊತ್ತಿರಲಿಲ್ಲ.

ಮೇ ೧೮, ಶನಿವಾರ

ಗಾಳಿ ಇರಲಿಲ್ಲ, ದಿಬ್ಬದ ಮೇಲಿನ ಬಾವುಟ ಜೋತುಬಿದ್ದಿತ್ತು. ಸೆಕ್ರೆಟರಿಯೇ ಪರೀಕ್ಷಕ. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಸೀಟಿ, ಕೈಯಲ್ಲಿ ಗಡಿಯಾರ. "ಇಪ್ಪತ್ತು ನಿಮಿಷ, ಹತ್ತು ಗುಂಡು. ಮೇಡಂ, ಆರಾಮಾಗಿ ಹೊಡೀರಿ," ಎಂದ. ಮೊದಲ ಸಲ ಇವನ ಕೈಗೆ ರೈಫಲ್ ಕೊಟ್ಟವಳು ಇವಳು. ಇವತ್ತು ಇವಳ ಹಣೆಬರಹ ಬರೆಯುವ ಕೆಲಸ ಅವನಿಗೆ.

ರೆಸ್ಟು ಅವಳೇ ಇಟ್ಟಳು. ಮೂರು ಜೋಡಿ ಚೀಲವನ್ನೂ ಒಂದೊಂದಾಗಿ ಅವಳೇ ಹೇರಿದಳು. ಬಲಗೈ ಎತ್ತಿ ತೊಡೆಯ ಕೆಳಗೆ ಇಟ್ಟುಕೊಂಡಳು. ಸೀಟಿ ಕೇಳಿಸಿತು. ನಾನು ಗೆರೆಯ ಹಿಂದೆ, ಗೋಂದಣ್ಣ ನನ್ನ ಪಕ್ಕ ದುರ್ಬೀನಿನ ಜೊತೆ. ಅವನು ಅಂಕವನ್ನು ನನಗೆ ಮಾತ್ರ ಕೇಳುವ ಹಾಗೆ ಹೇಳುತ್ತಿದ್ದ.

ಒಂಬತ್ತು. ಎಂಟು. ಹತ್ತು. ಒಂಬತ್ತು. ಒಂಬತ್ತು. ಎಂಟು. ಆರು ಗುಂಡಿಗೆ ಐವತ್ಮೂರು, ಒಂಬತ್ತು ನಿಮಿಷ.

ಏಳನೆಯದಕ್ಕೆ ಬೋಲ್ಟು ಎಳೆಯುವಾಗ ಅದು ಸಿಕ್ಕಿಕೊಂಡಿತು. ಬಲವಾಗಿ ಎಳೆದಳು. ಮೊಣಕೈ ರೆಸ್ಟಿಗೆ ಬಡಿಯಿತು, ರೆಸ್ಟು ಅಡ್ಡಕ್ಕೆ ತಿರುಗಿತು, ಬಲಗಾಲಿನ ಮೇಲಿದ್ದ ಚೀಲ ಜಾರಿ ಮೇಜಿನ ಬಲಮೂಲೆಗೆ ಬಿತ್ತು. ಅವಳು ಮತ್ತೆ ಗುರಿ ಹಿಡಿಯಲು ಹೋದಳು, ನಿಲ್ಲಿಸಿದಳು. ಏನೋ ತಪ್ಪಿದೆ ಎಂದು ಗೊತ್ತಾಗಿದೆ. ಚೀಲ ಎಲ್ಲಿ ಬಿತ್ತು ಎಂದು ಕಾಣುತ್ತಿಲ್ಲ. ನನಗೆ ಕಾಣುತ್ತಿದೆ. ನಾಲ್ಕು ಹೆಜ್ಜೆ.

ಸೆಕ್ರೆಟರಿ ನನ್ನ ಪಕ್ಕಕ್ಕೆ ಬಂದು ನಿಂತ. ದಿಬ್ಬದ ಕಡೆ ಮುಖ ತಿರುಗಿಸಿಕೊಂಡು, "ಸರ್, ನಾನು ಬಾವುಟ ನೋಡ್ತಾ ಇದ್ದೀನಿ. ಅರ್ಧ ನಿಮಿಷ ಈ ಕಡೆ ತಿರುಗಲ್ಲ," ಎಂದ.

ಅವನ ಮೇಲೆ ನನಗೆ ಕೋಪ ಬರಲಿಲ್ಲ. ಪ್ರೀತಿಯಿಂದಲೇ ಹೇಳಿದ. ನನ್ನ ಕಾಲು ನೆಲ ಬಿಟ್ಟು ಮೇಲೆದ್ದಿತ್ತು, ಅದನ್ನೂ ಬರೆಯುತ್ತೇನೆ. "ಅವಳು ಹುಡುಕ್ತಿದ್ದಾಳೆ, ಸುಮ್ನಿರಿ," ಎಂದೆ.

ಅವಳು ತಲೆಯನ್ನು ನಿಧಾನವಾಗಿ ಬಲಕ್ಕೆ ತಿರುಗಿಸಿದಳು, ಇನ್ನೂ ತಿರುಗಿಸಿದಳು, ಗಲ್ಲ ಭುಜಕ್ಕೆ ತಾಗುವವರೆಗೆ. ಎಡಗೈಯಿಂದ ಮೇಜನ್ನು ತಡವುತ್ತಾ ಹೋದಳು. ಬೆರಳು ಚೀಲದ ಪಕ್ಕದಲ್ಲೇ ಹಾದುಹೋಯಿತು. ವಾಪಸ್ಸು ಬಂತು. ಸಿಕ್ಕಿತು. ಎತ್ತಿ ಹೇರಿದಳು, ರೆಸ್ಟು ನೆಟ್ಟಗೆ ತಿರುಗಿಸಿದಳು, ಹಿಂದಿನ ಚೀಲವನ್ನು ಮುಷ್ಟಿಯಿಂದ ಒತ್ತಿದಳು. ಒಟ್ಟು ಆರು ನಿಮಿಷ ಹೋಯಿತು. ಅಷ್ಟು ಉದ್ದದ ಆರು ನಿಮಿಷ ಆಸ್ಪತ್ರೆಯಲ್ಲೂ ಕಂಡಿರಲಿಲ್ಲ.

ಎಂಟು. ಒಂಬತ್ತು. ಎಂಟು.

ಹತ್ತನೆಯ ಗುಂಡು ತುಂಬಿ ಕೆನ್ನೆ ಇಟ್ಟಳು. ಇಪ್ಪತ್ತು ನಿಮಿಷ ಮುಗಿದ ಸೀಟಿ ಕೇಳಿಸಿತು.

ಒಂಬತ್ತು ಗುಂಡಿಗೆ ಎಪ್ಪತ್ತೆಂಟು. ಟಾರ್ಗೆಟ್ಟಿನ ಅಂಚಿನ ಹತ್ತಿರ ತಾಗಿದ್ದರೂ ಸಾಕಿತ್ತು, ಎರಡೇ ಎರಡು ಅಂಕ. ಸೆಕ್ರೆಟರಿ ಮೇಜಿನ ಹತ್ತಿರ ಹೋಗಿ ಬಗ್ಗಿ, "ಮೇಡಂ, ನಾನು ಬೇಗ ಊದಿದೆ ಅನ್ಸುತ್ತೆ. ಗಡಿಯಾರ ಸ್ವಲ್ಪ ಮುಂದಿದೆ. ಅದೊಂದು ಹೊಡೆದುಬಿಡಿ," ಎಂದ.

ಅವಳು ಬೋಲ್ಟು ಎಳೆದಳು. ಗುಂಡು ಹೊರಗೆ ತೆಗೆದು ಮೇಜಿನ ಮೇಲೆ ನಿಲ್ಲಿಸಿದಳು. ಬಾಯಿ ತೆರೆದಳು. ಅವನು ನನ್ನ ಕಡೆ ನೋಡಿದ, ಎಲ್ಲರೂ ನೋಡುವ ಹಾಗೆ, ನಾನು ಹೇಳಲಿ ಎಂದು. ನಾನು ಹುಲ್ಲು ನೋಡುತ್ತಿದ್ದೆ.

"ಎಪ್ಪ... ಎಪ್ಪತ್ತೆಂಟು. ಬರಿ."

ಅವನು ಬರೆದ. ಬರೆಯುವಾಗ ಕನ್ನಡಕ ಎರಡು ಸಲ ಒರೆಸಿಕೊಂಡ. ಜೂನ್ ಒಂದರಿಂದ ಆ ಜಾಗಕ್ಕೆ ಬೇರೆಯವರು ಬರುತ್ತಾರೆ.

ವ್ಯಾನಿನಲ್ಲಿ ಕೂತು ಗೇಟು ದಾಟುವಾಗ, "ನೀವು..." ಎಂದಳು. ನಾನು ಗೇರು ಬದಲಿಸಿದೆ. ಸಿಗ್ನಲ್ ಬಂತು, ಹೋಯಿತು. ಸೇತುವೆ ಬಂತು. ಒಂದು ಕೈ ಕೊಟ್ಟಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು ಎನ್ನುತ್ತಾಳೇನೋ ಎಂದು ಕಾಯುತ್ತಿದ್ದೆ. ಅಂದರೆ ಅನ್ನಲಿ, ಕೇಳಿಸಿಕೊಳ್ಳುತ್ತೇನೆ ಎಂದುಕೊಂಡೆ. ಮನೆಯ ಮುಂದೆ ಎಂಜಿನ್ ಆರಿಸಿದೆ. ಪಕ್ಕದ ಮನೆಯವರು ಬಟ್ಟೆ ಒಣಹಾಕುತ್ತಿದ್ದರು. ಹಾಕಿ ಮುಗಿಸಿ ಒಳಗೆ ಹೋದರು.

"ನೀವು... ಇವತ್ತು... ಹಿಡಿದಿದ್ರೆ... ನಾನು... ಬಿಟ್ಟು ಹೋಗ್ತಿದ್ದೆ."

ಆರು ತಿಂಗಳಲ್ಲಿ ಅವಳು ಆಡಿದ ಅತಿ ಉದ್ದದ ಮಾತು. "ಎಲ್ಲಿಗೆ?" ಎಂದೆ. ಅವಳ ಬಾಯಿಯ ಎಡಗಡೆ ಸ್ವಲ್ಪ ಮೇಲೆದ್ದಿತು.

ಆಮೇಲೆ ಎಡಗೈಯನ್ನು ಬಲಕ್ಕೆ ಅಡ್ಡ ಚಾಚಿ ಸೀಟ್ ಬೆಲ್ಟಿನ ಗುಂಡಿ ಹುಡುಕಲು ಶುರು ಮಾಡಿದಳು. ನಾನು ಸ್ಟಿಯರಿಂಗಿನ ಮೇಲೆ ಕೈ ಇಟ್ಟುಕೊಂಡು ಕೂತೆ. ನಮಗೆ ಬೇರೆ ಕೆಲಸವೇನೂ ಇರಲಿಲ್ಲ.